ತೊಟ್ಟಿಲ ಕೊಂಡಿ

ಹುಸೇನಸಾಬನ ಕೈ ಎಷ್ಟು ನಯವೋ ನಾಲಿಗೆ ಅಷ್ಟೇ ಒರಟು. ಕರಣಿ ಹಿಡಿದು ಗೋಡೆಗೆ ಗಿಲಾವು ಎಳೆದನೆಂದರೆ ಕೆನ್ನೆ ಒರಗಿಸಿದರೂ ತರಚದು, ಅಷ್ಟು ಸಾಪು. ಆದರೆ ಕೆಳಗಿನಿಂದ ಮಾಲು ಬರುವುದು ತುಸು ತಡವಾಯಿತೋ, ಪರಾಂಚಿಯ ಅಟ್ಟಣೆಯ ಮೇಲೆ ನಿಂತು ಅವನು ಒದರುವ ಒದರಾಟಕ್ಕೆ ಪಕ್ಕದ ತೆಂಗಿನ ಮರದ ಕಾಗೆಗಳು ಜಾಗ ಖಾಲಿ ಮಾಡುತ್ತಿದ್ದವು. ಮಾಲು ಅಂದರೆ ಸಿಮೆಂಟು, ಉಸುಕು, ನೀರು ಕೂಡಿಸಿ ಕಲಸಿದ್ದು. ಅದನ್ನು ಕಲಸಿ, ಬುಟ್ಟಿ ತುಂಬಿ, ತಲೆಯ ಮೇಲೆ ಹೊತ್ತು ಕೊಡುವ ಹೆಣ್ಣಾಳುಗಳು ಅವನ ಬಾಯಿಗೆ ಹೆದರಿ ಬೇಗನೆ ಬೇರೆ ಮಿಸ್ತ್ರಿಯನ್ನು ನೋಡಿಕೊಳ್ಳುತ್ತಿದ್ದರು. ಹೆದರದೆ ಉಳಿದವಳು ಒಬ್ಬಳೇ, ಜಯಶ್ರೀ.

"ಒದರೋ ಅಣ್ಣಾ, ಒದರು. ಗಂಟಲ ನೋಯೂತನಕ ಒದರು. ಮಾಲು ಮಾತ್ರ ನನ್ನ ಕೈಯಾಗೈತಿ," ಎಂದು ಅವಳು ಕೆಳಗಿನಿಂದ ನಗುತ್ತಿದ್ದಳು.

ಹುಸೇನಸಾಬ ಸಿಂದಗಿ ಕಡೆಯವನು. ಮೀಸೆ ಮೂಡುವ ವಯಸ್ಸಿನಲ್ಲಿ ಗೋವಾಕ್ಕೆ ಬಂದವನು, ಈಗ ಗಡ್ಡ ನೆರೆತಿದೆ. ಚಿಂಬಲ್‌ನ ಗುಡ್ಡದ ಓಣಿಯಲ್ಲಿ ಹೆಂಡತಿ ಖಾತುನಳ ಜೊತೆ ಇದ್ದಾನೆ. ಮಗಳು ಸುಲ್ತಾನಾಳನ್ನು ವಾಸ್ಕೋಕ್ಕೆ ಕೊಟ್ಟ ಮೇಲೆ ಮನೆಯಲ್ಲಿ ಇಬ್ಬರೇ. ತಗಡಿನ ಗೋಡೆಯ ಆಚೆ ಜಯಶ್ರೀಯ ಮನೆ. ಅವಳ ಗಂಡ ಮಾಂತೇಶ ಸೆಂಟ್ರಿಂಗ್ ಕೆಲಸದವನು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಜಾತಿ. ಮಗಳು ನಂದಾ ಮೂರನೆಯ ಇಯತ್ತೆ, ಮಗ ಮುತ್ತು ಇನ್ನೂ ಬಾಲವಾಡಿ. ಈಚೆ ಒಗ್ಗರಣೆ ಬಿದ್ದರೆ ಆಚೆಯವರಿಗೆ ಸೀನು ಬರುವಷ್ಟು ಹತ್ತಿರದ ಸಂಸಾರಗಳು.

ಕಳೆದ ಮಳೆಗಾಲದಲ್ಲಿ ಜಯಶ್ರೀಗೆ ಕಾಮಣಿ ಆಯಿತು. ಕಣ್ಣು ಅರಿಸಿನದಂತಾದರೂ ಬುಟ್ಟಿ ಹಿಡಿದು ಬಂದವಳನ್ನು ಹುಸೇನಸಾಬ ಬೈದು ದವಾಖಾನೆಗೆ ಕಳಿಸಿದ. ಹೋದವಳು ತಿರುಗಿ ನಡೆದುಕೊಂಡು ಬರಲಿಲ್ಲ.

ದುಡಿಯಲಿಕ್ಕೆ ಗೋವಾ, ಮಣ್ಣಿಗೆ ಊರು. ಚಿಂಬಲ್‌ನ ನಮ್ಮ ಜನರಲ್ಲಿ ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಯಾರೂ ಮೀರುವುದಿಲ್ಲ. ಜಯಶ್ರೀಯನ್ನು ಆ್ಯಂಬುಲೆನ್ಸಿನಲ್ಲಿ ಮಲಗಿಸಿ, ಮಾಂತೇಶ ಅವಳ ತಲೆಯ ಹತ್ತಿರ ಕೂತು, ಘಾಟು ಹತ್ತಿ ಊರಿಗೆ ಹೋದ. ಹೊರಗೆ ಹೊಯ್ಯೆಂದು ಮಳೆ, ಮುತ್ತುವಿಗೆ ಜ್ವರ. ಮಕ್ಕಳು ನೋಡುವುದು ಬೇಡವೆಂದು ಓಣಿಯ ಹೆಂಗಸರು ಇಬ್ಬರನ್ನೂ ಖಾತುನಳ ಮನೆಯಲ್ಲಿ ಕೂಡಿಸಿದ್ದರು. ಆದರೆ ನಂದಾ ಕಿಟಕಿಯಿಂದ ನೋಡಿಬಿಟ್ಟಿದ್ದಳು: ಅವ್ವ ಮಲಗಿದ್ದಾಳೆ, ಗಾಡಿ ಹೊರಟಿತು.

"ಅವ್ವ ಎಲ್ಲಿ ಹೋದ್ಲು?"

"ಊರಿಗೆ ಹೋಗ್ಯಾಳವಾ. ಮೈಯಾಗ ಆರಾಮಿಲ್ಲ. ಅಜ್ಜಿ ನೋಡ್ಕೋತಾಳ," ಎಂದಳು ಒಬ್ಬಳು. ಉಳಿದವರು ಹೂಂ ಅಂದರು. ಪಾಪದ ಮಾತೇನಲ್ಲ, ಕರುಳಿನಿಂದಲೇ ಬಂದದ್ದು. ಕರುಳಿನಿಂದಲೇ ಇನ್ನೊಂದು ಕೆಲಸವನ್ನೂ ಮಾಡಿದರು. ಕಣ್ಣಿಗೆ ಬಿದ್ದರೆ ಮಕ್ಕಳು ಅಳುತ್ತಾವೆಂದು ಜಯಶ್ರೀಯ ಸೀರೆ, ಚಪ್ಪಲಿ, ಬಳೆ, ಹಣೆಗೆ ಹಚ್ಚುವ ಟಿಕಳಿ, ತಲೆಗೆ ಇಟ್ಟುಕೊಳ್ಳುತ್ತಿದ್ದ ಸಿಂಬಿ ಕೂಡ, ಎಲ್ಲವನ್ನೂ ಗಂಟು ಕಟ್ಟಿ ಅದೇ ಗಾಡಿಯಲ್ಲಿ ಹಾಕಿದರು. ಊರಲ್ಲಿ ಅವು ಹೊಳೆ ಸೇರಿದವು. ಮಾಂತೇಶ ದಿನಕರ್ಮ ಮುಗಿಸಿ ತಲೆ ಬೋಳಿಸಿಕೊಂಡು ಬಂದಾಗ ಮನೆ ಬಾಡಿಗೆಯವರು ಬಿಟ್ಟುಹೋದ ಖೋಲಿಯಂತೆ ಖಾಲಿ ಇತ್ತು. ನಂದಾ ಅವನಿಗೂ ಅದನ್ನೇ ಕೇಳಿದಳು. ಅವನು ಎಂದಿನಂತೆ ಕಡಿಮೆ ಮಾತಿನಲ್ಲಿ ಮುಗಿಸಿದ: "ಊರಾಗ ಅದಾಳ."

ಹುಡುಗಿ ನಂಬಿದಳು. ನಂಬಿದ್ದೇ ಎಡವಟ್ಟಾಯಿತು.

ಚಿಂಬಲ್‌ನಿಂದ ಇಳಿದರೆ ಹೆದ್ದಾರಿ. ವಿಜಯಪುರದ ಬಸ್ಸು ರಾತ್ರಿಯೆಲ್ಲ ಓಡಿ ಬೆಳಿಗ್ಗೆ ಅಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಗಂಟು, ಚೀಲ, ಜೋಳದ ಹಿಟ್ಟಿನ ಡಬ್ಬಿ ಹೊತ್ತು ಮಂದಿ ಇಳಿಯುತ್ತಾರೆ. ನಂದಾ ದಿನಾ ಅಲ್ಲಿ ಹೋಗಿ ನಿಲ್ಲತೊಡಗಿದಳು. ಇಳಿಯುವ ಪ್ರತಿ ಹೆಂಗಸಿನ ಮುಖ ನೋಡುವಳು. ಬಸ್ಸು ಪಣಜಿ ಕಡೆ ಹೋದ ಮೇಲೂ, ನಿದ್ದೆಗಣ್ಣಿನಲ್ಲಿ ಅವ್ವ ಮುಂದಿನ ಸ್ಟಾಪಿನಲ್ಲಿ ಇಳಿದಿರಬಹುದು, ನಡೆದು ಬರುತ್ತಿರಬಹುದು ಎಂದು ಕೂತಿರುವಳು. ಶಾಲೆ ಬಿಟ್ಟಳು. ಮಾಸ್ತರರು ಹೇಳಿ ಕಳಿಸಿದರೆ, "ನಾ ಸಾಲಿಗೆ ಹೋದಾಗ ಅವ್ವ ಬಂದ್ರ? ಮನಿ ಕೀಲಿ ಯಾರ ಕಡೆ ಕೇಳ್ಬೇಕ್ರಿ ಅಕೀ?" ಎಂದು ತಿರುಗಿ ಕೇಳಿದಳು. ಓಣಿಯ ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಂಡರು. ಖರೆ ಹೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ.

ಹುಸೇನಸಾಬನಿಗೂ ಇರಲಿಲ್ಲ. ಅವನಿಗಿದ್ದದ್ದು ಸಿಟ್ಟು ಮಾತ್ರ.

ಒಂದು ಬೆಳಿಗ್ಗೆ ಅವನು ಕೆಲಸಕ್ಕೆ ಹೊರಟಾಗ ಜಿಟಿಜಿಟಿ ಮಳೆ. ನಂದಾ ತಮ್ಮನನ್ನೂ ಕರೆದುಕೊಂಡು ಬಂದಿದ್ದಳು. ಬಸ್ಸು ಕಂಡದ್ದೇ ಮುತ್ತು ಅವಳ ಕೈ ಬಿಡಿಸಿಕೊಂಡು ರಸ್ತೆಗೆ ಓಡಿದ. ಮಣ್ಣು ತುಂಬಿದ ಟಿಪ್ಪರ್ ಒಂದು ಬ್ರೇಕು ಕಿರುಚಿಕೊಂಡು ಹುಡುಗನ ಮುಂದೆಯೇ ನಿಂತಿತು. ಹುಸೇನಸಾಬ ಊಟದ ಡಬ್ಬಿ ಎಸೆದು ಓಡಿ ಅವನನ್ನು ಎಳೆದುಕೊಂಡ. ಹೆದರಿಕೆ ಹೇಗೆ ಹೊರಗೆ ಬರಬೇಕೆಂದು ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ.

"ಯಾರಿಗೆ ಕಾಯಾಕತ್ತೀಯವಾ ನೀ? ಯಾರಿಗೆ? ನಿಮ್ಮವ್ವ ಸತ್ತಾಳ! ಮಣ್ಣ ಮಾಡಿ ಬಂದಾನ ನಿಮ್ಮಪ್ಪ! ಯಾವ ಬಸ್ಸಿನ್ಯಾಗೂ ಬರಂಗಿಲ್ಲ ಅಕೀ!"

ಇಳಿಯುತ್ತಿದ್ದವರು ಮೆಟ್ಟಿಲ ಮೇಲೆಯೇ ನಿಂತರು. ಟಿಪ್ಪರಿನವನು ಬೈಯಲು ತೆರೆದ ಬಾಯಿ ಮುಚ್ಚಿದ. ಮುತ್ತು ಅಳತೊಡಗಿದ. ನಂದಾ ಅಳಲಿಲ್ಲ. ತೊಯ್ದ ಮುಖ ಎತ್ತಿ ಅವನನ್ನು ನೋಡಿ, "ಸುಳ್ಳ ಹೇಳ್ತಿ ಕಾಕಾ," ಎಂದಳು. "ಸತ್ತೋರ ಮನ್ಯಾಗ ಫೋಟೋ ಇರ್ತೈತಿ. ಹಾರ ಹಾಕಿರ್ತಾರ. ನಮ್ಮ ಮನ್ಯಾಗ ಎಲ್ಲೈತಿ? ಸತ್ತೋರದು ಏನರೆ ಇರ್ತೈತಿ. ಅವ್ವಂದು ಏನೂ ಇಲ್ಲ. ಅಕೀ ಎಲ್ಲಾ ತಗೊಂಡು ಊರಿಗೆ ಹೋಗ್ಯಾಳ."

ಹುಸೇನಸಾಬ ಎಸೆದಿದ್ದ ಡಬ್ಬಿಯನ್ನು ಎತ್ತಿಕೊಂಡ. ಕೆಲಸಕ್ಕೆ ಹೋಗಲಿಲ್ಲ. ಮುತ್ತುವನ್ನು ಹೆಗಲ ಮೇಲೆ ಹೊತ್ತು, ನಂದಾಳನ್ನು ಮುಂದೆ ಮಾಡಿಕೊಂಡು ಗುಡ್ಡ ಹತ್ತಿದ.

ಮನೆಯಲ್ಲಿ ಖಾತುನ ಅವನಿಗೆ ಚಹಾ ಕೊಡಲಿಲ್ಲ. "ನಿನ್ನ ಬಾಯಿ ಅಂದ್ರ ಮಾಲು ಕಲಸೋ ಮಶೀನು. ಒಮ್ಮೆ ತಿರುಗಿದ್ರ ಮುಂದ ಯಾರದಾರ ನೋಡಂಗಿಲ್ಲ."

"ಮತ್ತ ಖರೇ ಹೇಳಬಾರದಿತ್ತೇನ? ಇವತ್ತ ಹುಡುಗ ಗಾಲಿ ಕೆಳಗ ಹೋಗ್ತಿದ್ದ!"

"ಖರೇ ಹೇಳಿದ್ದು ಚಲೋ ಆತು. ಓಣಿಯಾಗ ನೀ ಒಬ್ಬನs ಹೇಳಿದಿ. ಆದ್ರ ಒದರಿ ಹೇಳಿದಿ ನೋಡು, ಅದಕ್ಕ ಅಕೀ ನಂಬಲಿಲ್ಲ. ನೀ ಮಾಲು ತಡ ಆದ್ರೂ ಹಂಗs ಒದರ್ತಿ. ಅಕೀಗೆ ಹೆಂಗ ಗೊತ್ತಾಗಬೇಕು, ಯಾವುದು ಸಿಟ್ಟು, ಯಾವುದು ಖರೇ?"

ಸಂಜೆ ಮಾಂತೇಶ ಬಂದ. ಸುದ್ದಿ ಅವನ ಕಿವಿಗೆ ದಾರಿಯಲ್ಲೇ ಬಿದ್ದಿತ್ತು. ಜಗಳಕ್ಕೆ ಬಂದನೆಂದು ಹುಸೇನಸಾಬ ಎದ್ದು ನಿಂತ. ಮಾಂತೇಶ ಹೊಸ್ತಿಲಲ್ಲೇ ಕೂತು, "ನಾ ಹೇಳಬೇಕಿತ್ರಿ ಮಿಸ್ತ್ರಿ. ಬಾಯಿ ಬರಲಿಲ್ಲ," ಎಂದಷ್ಟೇ ಅಂದ. ಆಮೇಲೆ ಟ್ರಂಕಿನ ತಳದಿಂದ ಮದುವೆಯ ಫೋಟೋ ತೆಗೆದು ತಂದು ಮಗಳ ಕೈಗೆ ಕೊಟ್ಟ. ಅದೊಂದೇ ಉಳಿದಿತ್ತು. ಫೋನಿನಲ್ಲಿದ್ದವು, ಫೋನು ಸೈಟಿನ ನೀರಿನ ಟಾಕಿಗೆ ಬಿದ್ದಾಗಲೇ ಹೋಗಿದ್ದವು.

ನಂದಾ ಫೋಟೋವನ್ನು ಬಹಳ ಹೊತ್ತು ನೋಡಿದಳು. ಹಣೆ ಮುಚ್ಚುವ ಬಾಸಿಂಗ, ಕೆನ್ನೆಯ ತುಂಬ ಪೌಡರು, ಹೆದರಿದ ಕಣ್ಣು.

"ಇದು ಅವ್ವ ಅಲ್ಲ," ಎಂದಳು. "ನಮ್ಮವ್ವ ಹಿಂಗ ಇರಲಿಲ್ಲ. ಅಕೀ ಹುಬ್ಬಿನ್ಯಾಗ ಸಿಮೆಂಟ್ ಇರ್ತಿತ್ತು."

ಹುಸೇನಸಾಬ ತಲೆ ಎತ್ತಿದ. ಹೌದು. ಇರುತ್ತಿತ್ತು. ಎಷ್ಟು ತೊಳೆದರೂ ಬೂದು ಹೋಗದ ಆ ಹುಬ್ಬು ಅವನ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಫಾತೋರ್ಡಾದ ಒಂದು ಹಳೆಯ ಸೈಟು ಬಂತು, ಮತ್ತೆ ಬೀಮಿನಿಂದ ಕೆಳಗೆ ಚಾಚಿದ್ದ ಒಂದು ಕಬ್ಬಿಣದ ಸಳಿ.

ನಂದಾ ಆಗ ಹಾಲು ಕುಡಿಯುವ ಕೂಸು. ಕೂಸನ್ನು ಬಿಟ್ಟು ಬರಲು ಯಾರೂ ಇಲ್ಲದ್ದರಿಂದ ಜಯಶ್ರೀ ಸೈಟಿಗೇ ತರುತ್ತಿದ್ದಳು. ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಬೀಮಿನಿಂದ ಒಂದು ಸಳಿ ಹೊರಗೆ ಉಳಿದಿತ್ತು. ಅದನ್ನು ಕತ್ತರಿಸಿ ಮೇಲೆ ಗಿಲಾವು ಎಳೆಯುವುದು ಹುಸೇನಸಾಬನ ಕೆಲಸ. ಅವನು ಕತ್ತರಿಸಲು ಹೋದರೆ ಜಯಶ್ರೀ ಅಡ್ಡ ಬಂದಳು. "ಅದನ್ನ ಬಿಡೋ ಅಣ್ಣಾ. ಬಗ್ಗಿಸಿ ಕೊಂಡಿ ಮಾಡಿಕೊಡು, ಸೀರಿ ತೊಟ್ಟಲ ಕಟ್ತೀನಿ." ಇಂಜಿನಿಯರು ಬೈಯುತ್ತಾನೆ ಎಂದು ಅವನು ಕೂಗಾಡಿದ. ಕೂಗಾಡುತ್ತಲೇ ಪೈಪು ತೂರಿಸಿ ಸಳಿಯನ್ನು ಬಗ್ಗಿಸಿ ಕೊಟ್ಟ. ಅವಳು ಸೀರೆ ಕಟ್ಟಿ ತೊಟ್ಟಿಲು ಮಾಡಿ, ತೊಟ್ಟಿಲಿಗೆ ಒಂದು ಉದ್ದ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ತನ್ನ ಕಾಲ ಹೆಬ್ಬೆರಳಿಗೆ ಸುತ್ತಿಕೊಂಡಳು. ಕೈಯಲ್ಲಿ ಸಲಿಕೆ, ಮಾಲು ಕಲಸುವುದು. ಕಾಲಿನಲ್ಲಿ ಹಗ್ಗ, ಕೂಸು ತೂಗುವುದು. ಕೆಲಸ ಮುಗಿದ ದಿನವೂ ಕೊಂಡಿ ಕತ್ತರಿಸಲು ಅವನ ಕೈ ಬರಲಿಲ್ಲ. ಅದರ ಸುತ್ತ ಗಿಲಾವು ಎಳೆದು ಬಿಟ್ಟುಬಂದ.

"ನಂದಾ," ಎಂದ. ದನಿ ಸಣ್ಣದು ಮಾಡಲು ಅವನಿಗೆ ಕಷ್ಟವಾಯಿತು. "ನಿಮ್ಮವ್ವಂದು ಒಂದು ಉಳದೈತಿ. ಐತ್ವಾರ ತೋರಸ್ತೀನಿ, ಬರ್ತೀಯೇನ?"

"ಸುಳ್ಳಾದ್ರ?"

"ಸುಳ್ಳಾದ್ರ ನನ್ನ ಗಡ್ಡ ನೀನs ಬೋಳಸು."

ಮುತ್ತು ಕಿಸಕ್ಕೆಂದ. ನಂದಾ ನಗಲಿಲ್ಲ. ಆದರೆ ಹೂಂ ಅಂದಳು.

ಭಾನುವಾರ ಮಳೆ ಬಿಡುವು ಕೊಟ್ಟಿತ್ತು. ಮಾಂತೇಶ ಬರಲಿಲ್ಲ, ಸ್ಲ್ಯಾಬಿನ ಕೆಲಸವಿದೆ ಅಂದ. ಕೆಲಸವೂ ಇತ್ತು, ಹೆದರಿಕೆಯೂ ಇತ್ತು. ಹುಸೇನಸಾಬ ಮಕ್ಕಳಿಬ್ಬರನ್ನೂ ಮಡಗಾಂವ ಬಸ್ಸಿಗೆ ಹತ್ತಿಸಿದ. ಖಾತುನ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಟ್ಟಿದ್ದಳು. ಜೊತೆಗೆ ಗಂಡನಿಗೆ ಒಂದು ಮಾತನ್ನೂ ಕಟ್ಟಿ ಕೊಟ್ಟಿದ್ದಳು: "ಅಲ್ಲಿ ಯಾರ ಮ್ಯಾಲೂ ಒದರಬ್ಯಾಡ."

ಫಾತೋರ್ಡಾದಲ್ಲಿ ಇಳಿದು ಆ ರಸ್ತೆಗೆ ಬಂದು ನಿಂತು ಹುಸೇನಸಾಬ ಅತ್ತಿತ್ತ ನೋಡಿದ. ಸಾಲಾಗಿ ಬಿಲ್ಡಿಂಗುಗಳು. ಒಂದು ಹಳದಿ, ಒಂದು ಗುಲಾಬಿ, ಒಂದು ಗಿಳಿ ಹಸಿರು, ಒಂದರ ಬಾಲ್ಕನಿಗೆ ಗಾಜು, ಇನ್ನೊಂದಕ್ಕೆ ಕೆಂಪು ಹೆಂಚಿನ ಟೊಪ್ಪಿಗೆ. ಅವನು ಕಟ್ಟಿದ್ದು ಇವುಗಳಲ್ಲಿ ಒಂದೂ ಅಲ್ಲ! ಅವನು ಕಟ್ಟಿದ್ದು ಬೂದು ಬಣ್ಣದ್ದು. ಗಿಲಾವಿನವನು ಕಾಣುವುದು ಬಿಲ್ಡಿಂಗಿನ ಬೂದು ಮೈಯನ್ನು ಮಾತ್ರ. ಬಣ್ಣದವರು ಒಳಗೆ ಬರುವ ಹೊತ್ತಿಗೆ ಅವನು ಬೇರೆ ಸೈಟಿಗೆ ಹೋಗಿರುತ್ತಾನೆ. ಬಣ್ಣ ಬಿದ್ದ ಮೇಲೆ ಅವನನ್ನು ಒಳಗೆ ಬಿಡುವವರು ಯಾರು? ಗೋವಾದಲ್ಲಿ ಇಷ್ಟು ವರ್ಷ ಗೋಡೆ ತಿಕ್ಕಿದವನು ತನ್ನ ಗೋಡೆ ಯಾವುದೆಂದು ಗುರುತು ಹತ್ತದೆ ನಿಂತ.

ಆದರೂ ಬಿಗುಮಾನ. "ಇದs," ಎಂದು ಗುಲಾಬಿ ಬಣ್ಣದ್ದಕ್ಕೆ ನುಗ್ಗಿದ. ಗಾಡಿಗಳ ನಡುವೆ ತಲೆ ಎತ್ತಿ ಎತ್ತಿ ನೋಡಿದ. ಮೇಲೆ ಪೈಪುಗಳಿದ್ದವು, ಜೇಡರ ಬಲೆ ಇತ್ತು. ಕೊಂಡಿ ಇರಲಿಲ್ಲ. ಚಡ್ಡಿ ಹಾಕಿಕೊಂಡ ಒಬ್ಬ ಗೃಹಸ್ಥ ಸ್ಕೂಟರು ತೊಳೆಯುವುದು ಬಿಟ್ಟು, "ಕಿತೆಂ ಜಾಯ್?" ಎಂದ, ಏನು ಬೇಕೆಂದು. ಏನೆಂದು ಹೇಳುವುದು? ತೊಟ್ಟಿಲ ಕೊಂಡಿ ಬೇಕಾಗಿದೆ ಎನ್ನುವುದೇ? ಹುಸೇನಸಾಬನ ಕೊಂಕಣಿ ಸಿಮೆಂಟು ಉಸುಕಿಗೆ ಸಾಲುವಷ್ಟು ಮಾತ್ರ. ಒದರಬೇಕೆಂದು ಬಾಯಿ ತೆರೆದವನು ಖಾತುನಳ ಮಾತು ನೆನೆದು ಮುಚ್ಚಿಕೊಂಡ. ಮೂವರೂ ಹೊರಗೆ ಬಂದರು.

ನಂದಾ ಅವನ ಮುಖವನ್ನೇ ನೋಡುತ್ತಿದ್ದಳು. ಬಸ್ಸಿನಿಂದ ಇಳಿಯುವವರ ಮುಖ ನೋಡುವಾಗಿನ ಅದೇ ನೋಟ.

"ಇಲ್ಲೇನೂ ಇಲ್ಲ, ಅಲ್ಲಾ ಕಾಕಾ?"

"ಐತಿ ಅಂದ್ರ ಐತಿ! ಸಿಗವಲ್ದು, ಅಷ್ಟs." ಅವನು ರಸ್ತೆಯ ಕಟ್ಟೆಯ ಮೇಲೆ ಕುಸಿದು ಕೂತ. "ಈ ಬಣ್ಣದ ನನ್ನ ಮಕ್ಕಳು ಎಲ್ಲಾ ಕೆಡಿಸಿ ಇಟ್ಟಾರ."

ನಂದಾ ಬಂದು ಅವನ ಪಕ್ಕ ಕೂತಳು. ಆಮೇಲೆ ನಂದಾ ಕೇಳಿದಳು, "ಅವ್ವ ನೀರ ಎಲ್ಲಿಂದ ತರ್ತಿದ್ಲು?"

"ಯಾವ ನೀರ?"

"ಮಾಲು ಕಲಸಾಕ ನೀರ ಬೇಕಲ್ಲ?"

ಹುಸೇನಸಾಬ ಹಣೆ ಬಡಿದುಕೊಂಡ. ಬಾಂವಿ! ನಳ ಬರದ ದಿನ ಪಕ್ಕದ ಹಳೆಯ ಮನೆಯ ಬಾಂವಿಯಿಂದ ಜಯಶ್ರೀ ಕೊಡ ಹೊತ್ತು ತರುತ್ತಿದ್ದಳು. ಆ ಮನೆಯ ಮುಂದೆ ಬಿಳಿ ಶಿಲುಬೆ ಇತ್ತು, ಅದರ ಕೊರಳಿಗೆ ಹೂವಿನ ಹಾರ. ಮನೆಗೆ ಬಣ್ಣ ಬಳಿಯಬಹುದು, ಬಾಂವಿಯನ್ನು ಎತ್ತಿ ಬೇರೆ ಕಡೆ ಇಡಲಿಕ್ಕಾಗದು. ಅವನು ಎದ್ದ. ಮಕ್ಕಳು ಅವನ ಹಿಂದೆ ಓಡಿದರು. ತಿರುವಿನಲ್ಲಿ ಶಿಲುಬೆ ಸಿಕ್ಕಿತು. ಹಾರ ಅವತ್ತಿನದೇ, ತಾಜಾ.

ಗೇಟಿನ ಒಳಗೆ ಮುದುಕಿಯೊಬ್ಬಳು ಕೋಳಿಗೆ ಕಾಳು ಹಾಕುತ್ತಿದ್ದಳು. ಕೊನ್ಸೆಸಾಂವ ಬಾಯಿ. ಆಗಲೂ ಮುದುಕಿಯೇ, ಈಗ ಇನ್ನೂ ಕುಗ್ಗಿದ್ದಾಳೆ. ಹುಸೇನಸಾಬ ಅರ್ಧ ಕೊಂಕಣಿ ಅರ್ಧ ಹಿಂದಿಯಲ್ಲಿ ಏನೇನೋ ಹೇಳಿದ. ಅವಳಿಗೆ ತಿಳಿಯಲಿಲ್ಲ. ಕಡೆಗೆ ಅವನು ಮಾತು ಬಿಟ್ಟು, ಕೈಯಲ್ಲಿ ಸಲಿಕೆ ಹಿಡಿದವನಂತೆ ಬಗ್ಗಿ, ಒಂದು ಕಾಲನ್ನು ಹಿಂದೆ ಮುಂದೆ ಎಳೆದು ತೋರಿಸಿದ. ಗಡ್ಡದ ಗಂಡಸು ಹಾಗೆ ಕುಣಿಯುವುದನ್ನು ನೋಡಿ ಕೋಳಿಗಳು ಚದುರಿದವು. ಮುತ್ತು ಬಿದ್ದು ಬಿದ್ದು ನಕ್ಕ. ಮುದುಕಿಯ ಮುಖ ಮಾತ್ರ ಅರಳಿತು.

"ಪಾಂಯಾನ್ ದೋರಿ ವೋಡ್ತಾಲಿ, ತೀ?" ಎಂದಳು. ಕಾಲಿನಿಂದ ಹಗ್ಗ ಎಳೆಯುತ್ತಿದ್ದಳಲ್ಲ, ಅವಳೇ? ಆಮೇಲೆ ನಂದಾಳ ಗಲ್ಲ ಹಿಡಿದೆತ್ತಿ, "ಹೇಂ ತಿಚೆಂ ಭುರ್ಗೆಂ?" ಎಂದಳು, ಇದು ಅವಳ ಮಗುವೇ ಎಂದು. ಮಧ್ಯಾಹ್ನ ಬಾಂವಿಗೆ ಬಂದಾಗ ಜಯಶ್ರೀ ಇದೇ ಅಂಗಳದಲ್ಲಿ ಗಂಜಿ ಕುಡಿಯುತ್ತಿದ್ದಳಂತೆ. ಉಪ್ಪಿನಕಾಯಿಯ ಮಾವಿನ ಹೋಳನ್ನು ಚೀಪಿ ಚೀಪಿ ವಾಟೆ ಬೆಳ್ಳಗಾಗುವ ತನಕ ಬಿಡುತ್ತಿರಲಿಲ್ಲವಂತೆ. ಹೋಗುವಾಗ ಶಿಲುಬೆಗೆ ಒಂದು ದಾಸವಾಳ ಸಿಕ್ಕಿಸಿ ಹೋಗುತ್ತಿದ್ದಳಂತೆ. ಮುದುಕಿ ಹೇಳುತ್ತಾ ಹೋದಳು. ನಂದಾಳಿಗೆ ಶಾಲೆಯಿಂದ ಕೊಂಕಣಿ ಬರುತ್ತಿತ್ತು. ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು, ತಮ್ಮನಿಗೆ ಕನ್ನಡದಲ್ಲಿ ಹೇಳಿದಳು. "ಅವ್ವ ವಾಟಿ ಚೀಪ್ತಿದ್ಲಂತ. ನಿನ್ನಂಗs."

ಕಡೆಗೆ ಮುದುಕಿ ಗೋಡೆಯಾಚೆ ಕೈ ತೋರಿಸಿದಳು. ಗಿಳಿ ಹಸಿರು ಬಿಲ್ಡಿಂಗು.

ಅದರ ವಾಚಮನ್ ಹೀರಪ್ಪ ಕುರ್ಚಿಯಲ್ಲಿ ಕೂತು ತೂಕಡಿಸುತ್ತಿದ್ದ. ಕನ್ನಡದ ದನಿ ಕೇಳಿದ್ದೇ ಎಚ್ಚರಾದ. ಬಾಗಲಕೋಟೆಯವನು. ಹುಸೇನಸಾಬ ವಿಷಯ ಹೇಳುವ ಮೊದಲೇ ತಲೆ ಎತ್ತಿದ್ದ. ಎತ್ತಿದವನು ಹಾಗೇ ನಿಂತ. ಮೂರನೆಯ ಕಂಬದ ಪಕ್ಕ, ಬೀಮಿನ ಹೊಟ್ಟೆಯಿಂದ, ಕೊಂಡಿ. ಸುಣ್ಣದವರು ಅದಕ್ಕೂ ಸುಣ್ಣ ಬಳಿದಿದ್ದರು. ಅದರಿಂದ ಒಂದು ಅರಿವೆ ಗಂಟು ಜೋತುಬಿದ್ದಿತ್ತು.

"ಅದೇನ್ರಿ ಮ್ಯಾಲ?"

"ನನ್ನ ಬುತ್ತಿರಿ," ಎಂದ ಹೀರಪ್ಪ. "ಇಲ್ಲಿ ಬೆಕ್ಕಿನ ಕಾಟ ಭಾಳ. ಯಾವ ಪುಣ್ಯಾತ್ಮ ಬಿಟ್ಟು ಹೋಗ್ಯಾನೋ ಈ ಕೊಂಡಿ, ನನ್ನ ರೊಟ್ಟಿ ಉಳಿದಾವ."

"ಪುಣ್ಯಾತ್ಮ ಅಲ್ಲೋ ಮಾರಾಯ, ಪುಣ್ಯಾತ್ಗಿತ್ತಿ," ಎಂದ ಹುಸೇನಸಾಬ. ಅದು ಒದರಿದಂತೆ ಬರಲಿಲ್ಲ. "ಈಕೀ ಅವ್ವ. ಬುತ್ತಿ ತಗಿ."

ಹೀರಪ್ಪ ಎರಡು ಮಾತಿಲ್ಲದೆ ಬುತ್ತಿ ತೆಗೆದ. ಹುಸೇನಸಾಬ ನಂದಾಳನ್ನು ಎತ್ತಿ ಹಿಡಿದ. ಅವಳು ಮೊದಲು ಒಂದು ಬೆರಳಿನಿಂದ ಮುಟ್ಟಿದಳು, ಬಿಸಿಯಿದೆಯೇನೋ ಎನ್ನುವಂತೆ. ಆಮೇಲೆ ಇಡೀ ಅಂಗೈಯಿಂದ ಹಿಡಿದಳು. ಉಗುರಿನಿಂದ ಸುಣ್ಣ ಕೆರೆದಳು. ಒಳಬಾಗಿನಲ್ಲಿ, ಸೀರೆಯ ಗಂಟು ದಿನವಿಡೀ ತಿಕ್ಕಿದ ಜಾಗದಲ್ಲಿ, ಕಬ್ಬಿಣ ನುಣ್ಣಗೆ ಇತ್ತು.

"ಇಲ್ಲೆ ನಾ ಮಲಗತಿದ್ನಿ?"

"ಇಲ್ಲೆ."

"ಅವ್ವ ಎಲ್ಲಿ ನಿಂತಿದ್ಲು?"

ಹುಸೇನಸಾಬ ಅವಳನ್ನು ಇಳಿಸಿ, ಹೆಜ್ಜೆ ಹಾಕಿ, ಬಿಳಿ ಕಾರೊಂದರ ಹಿಂದೆ ಹೋಗಿ ನಿಂತ. "ಇಲ್ಲೆ ಮಾಲಿನ ಗುಡ್ಡಿ. ಇಲ್ಲಿಂದ ಅಲ್ಲೀತನಕ ಹಗ್ಗ. ನೀ ಅತ್ರ ಅಕೀ ಕಾಲ ಜಗ್ತಿದ್ಲು. ನಾ ಮ್ಯಾಲಿಂದ ಮಾಲು ಮಾಲು ಅಂತ ಒದರ್ತಿದ್ನಿ. 'ತಡಿಯೋ ಅಣ್ಣಾ, ನನಗ ಇಬ್ಬರು ಅಳೋರದಾರ, ಒಂದು ಕೆಳಗ, ಒಂದು ಮ್ಯಾಲ' ಅಂತಿದ್ಲು."

ನಂದಾ ನಕ್ಕಳು. ಎಷ್ಟೋ ದಿನದ ಮೇಲೆ ಬಂದ ನಗು, ಅವಳಿಗೇ ಆಶ್ಚರ್ಯವಾಯಿತು. ಹೋಗಿ ಕಾರಿನ ಹಿಂದೆ, ಅವನು ತೋರಿಸಿದ ಜಾಗದಲ್ಲಿ ನಿಂತಳು. ಚಪ್ಪಲಿ ಬಿಟ್ಟು ಬರಿಗಾಲಾದಳು. ಅಲ್ಲಿಂದ ಕೊಂಡಿಯನ್ನು ನೋಡಿದಳು.

ಹೀರಪ್ಪ ತನ್ನ ಬುತ್ತಿ ಬಿಚ್ಚಿದ, ಇವರು ತಮ್ಮದು ಬಿಚ್ಚಿದರು. ಅಲ್ಲೇ, ಕೊಂಡಿಯ ಕೆಳಗೆ, ನಾಲ್ವರೂ ಉಂಡರು.

ತಿರುಗಿ ಬರುವಾಗ ಬಸ್ಸು ಜುವಾರಿ ಸೇತುವೆಯ ಮೇಲೆ ಬಂದಿತ್ತು. ಮುತ್ತು ನಿದ್ದೆ ಹೋಗಿದ್ದ. ನಂದಾ ನೀರು ನೋಡುತ್ತಾ ಕೇಳಿದಳು, "ಅವ್ವನ್ನ ಎಲ್ಲಿ ಮಣ್ಣ ಮಾಡ್ಯಾರ ಕಾಕಾ?"

"ನಿಮ್ಮ ಹೊಲದಾಗಂತ. ಬೇವಿನ ಗಿಡದ ಕೆಳಗ."

"ನೆರಳೈತೇನ ಅಲ್ಲಿ?"

"ಐತಿ. ಭಾಳ ಐತಿ."

ಆಗ ಅವಳು ಅತ್ತಳು. ಬಸ್ಸಿನ ಮಂದಿ ತಿರುಗಿ ನೋಡಿದರು, ಕಂಡಕ್ಟರನೂ ನೋಡಿದ. ಹುಸೇನಸಾಬ ಅವಳಿಗೆ ಸುಮ್ಮನಿರು ಅನ್ನಲಿಲ್ಲ. ಸಿಮೆಂಟು ತಿಂದು ಬಿರಿದ ತನ್ನ ಅಂಗೈಯನ್ನು ಅವಳ ತಲೆಯ ಮೇಲೆ ಇಟ್ಟುಕೊಂಡು ಚಿಂಬಲ್ ಬರುವ ತನಕ ಕೂತ.

ಮರುದಿನ ನಂದಾ ಶಾಲೆಗೆ ಹೋದಳು. ಬಸ್ಸಿನ ಹೊತ್ತಿಗೆ ಅತ್ತ ಒಮ್ಮೆ ನೋಡಿದಳು ಎಂದು ಖಾತುನ ಹೇಳಿದಳು. ನೋಡಲಿ ಬಿಡು ಎಂದ ಹುಸೇನಸಾಬ.

ಮಾಂತೇಶನಿಗೆ ಮಗಳು ಎಲ್ಲವನ್ನೂ ಹೇಳಿದ್ದಳು. ಕೇಳಿ ಅವನು ಒಳಗೊಳಗೇ ಒದ್ದಾಡಿದ. ಮುಂದೊಂದು ಭಾನುವಾರ, ಯಾರೂ ಕರೆಯದೆ, ತಾನೇ ಅಂಗಿ ತೊಟ್ಟು ಹೊರಟು ನಿಂತ. "ದಾಬೋಲಿಮ್‌ಗೆ ಹೋಗೂಣ್ರಿ ಮಿಸ್ತ್ರಿ. ಮುತ್ತೂನ ಕೊಂಡಿ ಅಲ್ಲೈತಿ."

ದಾಬೋಲಿಮ್‌ನಲ್ಲಿ ಬಿಲ್ಡಿಂಗು ಸುಲಭವಾಗಿ ಸಿಕ್ಕಿತು, ಕೊಂಡಿ ಸಿಗಲಿಲ್ಲ. ಯಾರೋ ಕತ್ತರಿಸಿದ್ದರು. ಸುಣ್ಣದ ಕೆಳಗಿನಿಂದ ನಾಣ್ಯದಷ್ಟು ಅಗಲದ ತುಕ್ಕಿನ ಕಲೆ ಮಾತ್ರ ಕಾಣುತ್ತಿತ್ತು. ಮುತ್ತು ಅಪ್ಪನ ಅಂಗಿ ಜಗ್ಗಿದ. "ಅಕ್ಕಂದು ಐತಿ. ನಂದು ಇಲ್ಲ." ಹುಸೇನಸಾಬ ಕತ್ತರಿಸಿದವನ ವಂಶವನ್ನೆಲ್ಲ ನೆನೆಯಲು ಹೊರಟಿದ್ದ, ಅಷ್ಟರಲ್ಲಿ ನಂದಾ ತಮ್ಮನ ತಲೆಯನ್ನು ಹಿಡಿದು ಮೇಲೆ ತಿರುಗಿಸಿದಳು.

"ಕೆಂಪಗ ಕಾಣ್ತೈತಿ ನೋಡು. ಸುಣ್ಣ ಬಳದ್ರೂ ಹೊರಗ ಬರಾಕತ್ತೈತಿ. ಅದು ನಿಂದು. ಒಳಗ ಐತಿ."

ಅಷ್ಟರಲ್ಲಿ ಬಿಲ್ಡಿಂಗಿನ ಮೇಲೆ ವಿಮಾನವೊಂದು ಗುಡುಗಿಕೊಂಡು ಇಳಿಯಿತು. ಅದು ಹೋದ ಮೇಲೆ ಮಾಂತೇಶ ಬಾಯಿ ತೆರೆದ. "ವಿಮಾನ ಬಂತಂದ್ರ ಅಕೀ ಸಲಿಕಿ ಒಗದು ಓಡ್ತಿದ್ಲು. ಇವನ ಎರಡೂ ಕಿವಿ ಮುಚ್ಚಿ ಹಿಡೀತಿದ್ಲು. ಇವ ಕಣ್ಣ ಪಿಳಿಪಿಳಿ ಬಿಡ್ತಿದ್ದ." ಹೇಳುತ್ತಾ ಮಗನ ಕಿವಿಗಳ ಮೇಲೆ ಕೈ ಇಟ್ಟ. "ಹಿಂಗs." ಕಿವಿ ಮುಚ್ಚಿದ್ದ ಮುತ್ತುವಿಗೆ ಅಪ್ಪನ ಮಾತು ಕೇಳಿಸಲಿಲ್ಲ. ಆದರೂ ಏನೋ ತಿಳಿದವನಂತೆ ನಿಂತ. ಅವತ್ತು ಚಿಂಬಲ್ ಮುಟ್ಟುವ ತನಕ ಮಾಂತೇಶ ಆಡಿದಷ್ಟು ಮಾತನ್ನು ಹುಸೇನಸಾಬ ಅವನ ಬಾಯಿಂದ ಅದುವರೆಗೆ ಒಂದು ವರ್ಷದಲ್ಲೂ ಕೇಳಿರಲಿಲ್ಲ. ಎಲ್ಲವೂ ಜಯಶ್ರೀಯದೇ.

ಈಗ ಮದುವೆಯ ಫೋಟೋ ಗೋಡೆಯ ಮೇಲಿದೆ, ಹಾರ ಹಾಕಿಕೊಂಡು. ಅವ್ವನ ಹುಬ್ಬಿನ ಮೇಲೆ, ಗಾಜಿನ ಹೊರಗಿನಿಂದ, ನಂದಾ ಒಂದು ಚೂರು ಸಿಮೆಂಟು ಹಚ್ಚಿದ್ದಾಳೆ. ಹೊಸದಾಗಿ ಬಂದವರು ಕೊಳೆ ಎಂದು ಒರೆಸಲು ಹೋದರೆ ಮನೆಯವರೆಲ್ಲ ಒಟ್ಟಿಗೇ ಕೂಗುತ್ತಾರೆ. ಓಣಿಯ ಹೆಂಗಸರಿಗೂ ಬಾಯಿ ಬಂದಿದೆ. ಜಯಶ್ರೀ ಹಿಂಗ ಅಂತಿದ್ಲು, ಜಯಶ್ರೀ ಹಂಗ ನಗ್ತಿದ್ಲು ಎಂದು ಮಕ್ಕಳನ್ನು ಕರೆದು ಹೇಳುತ್ತಾರೆ. ಹುಸೇನಸಾಬ ಮಾತ್ರ ಬದಲಾಗಿಲ್ಲ. ಒದರುತ್ತಾನೆ.

ಮೊನ್ನೆ ಹಳೇ ಗೋವಾದ ರಸ್ತೆಯ ಸೈಟಿನಲ್ಲಿ ಮಾಲು ಕಲಸಲು ಪರ್ವೀನ ಎಂಬ ಹೊಸ ಹೆಣ್ಣಾಳು ಬಂದಳು, ಕಂಕುಳಲ್ಲಿ ಕೂಸು. ಕೂಸನ್ನು ಸಿಮೆಂಟ್ ಚೀಲಗಳ ಮೇಲೆ ಮಲಗಿಸಿದ್ದಳು. ಶಾಲೆಗೆ ರಜೆ, ನಂದಾ ಅಪ್ಪನಿಗೆ ಊಟ ಕೊಡಲು ಬಂದಿದ್ದಳು. ಕೂಸನ್ನು ನೋಡಿದಳು, ತಲೆ ಎತ್ತಿ ಬೀಮು ನೋಡಿದಳು. ಒಂದು ಸಳಿ ಹೊರಗೆ ಚಾಚಿತ್ತು. ಅದರ ಕೆಳಗೆ ಏಣಿ ಹಾಕಿ, ಗರಗಸ ಹಿಡಿದು ಹುಸೇನಸಾಬ ನಿಂತಿದ್ದ.

"ಕಾಕಾ, ಕೊಯ್ಯಬ್ಯಾಡ."

"ಏ ಹೋಗವಾ! ಇಂಜಿನಿಯರ್ ನನ್ನ ಕುತ್ತಿಗಿ ಕೊಯ್ತಾನ!"

"ಬಗ್ಗಿಸು."

"ನಿಮ್ಮವ್ವನಂಗs ಹಟಮಾರಿ ನೋಡು ನೀ!" ಎಂದು ಕೂಗುತ್ತಾ ಅವನು ಪೈಪು ತರಿಸಿದ. ಕೂಗುತ್ತಲೇ ಸಳಿಯನ್ನು ಬಗ್ಗಿಸಿದ. ಪರ್ವೀನ ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು.

"ಅಂವ ಹಂಗs ಒದರ್ತಾನ್ರಿ. ಅದು ಸಿಟ್ಟಲ್ಲ," ಎಂದು ನಂದಾ ಅವಳಿಗೆ ಹೇಳಿದಳು. ಸೀರೆ ಕಟ್ಟಿಸಿದಳು, ಕೂಸನ್ನು ಮಲಗಿಸಿದಳು, ಉದ್ದ ಹಗ್ಗ ಎಳೆದು ತಂದು ಮಾಲಿನ ಗುಡ್ಡೆಯ ಪಕ್ಕ ಮಂಡಿಯೂರಿ ಕೂತಳು. ರಸ್ತೆಯಲ್ಲಿ ವಿಜಯಪುರದ ಬಸ್ಸು ಹಾರ್ನು ಹೊಡೆಯುತ್ತಾ ಹೋಯಿತು, ಅವತ್ತು ತಡವಾಗಿತ್ತು. ಪರ್ವೀನ ತಿರುಗಿ ನೋಡಿದಳು.

ನಂದಾ ನೋಡಲಿಲ್ಲ. ಅವಳು ಪರ್ವೀನಳ ಕಾಲ ಹೆಬ್ಬೆರಳಿಗೆ ಹಗ್ಗ ಸುತ್ತುತ್ತಿದ್ದಳು, ಬಿಚ್ಚಿ ಹೋಗದಂತೆ, ಬೆರಳು ನೋಯದಂತೆ.